ಬೆಳೆಗಾರರ ಗುಂಪಿಗೊಂದು ಚಾಟ್ ಬಾಟ್: ನಾವೇ ಹೊಂದಿಸಿಕೊಳ್ಳೋದು, ನಾವೇ ತಿದ್ದೋದು

ಮಳೆಗಾಲ ಹತ್ತಿರ ಬಂತು ಅಂದ್ರೆ ನಮ್ಮ ಅಡಿಕೆ ಬೆಳೆಗಾರರ ಗುಂಪಿನಲ್ಲಿ ಒಂದೇ ಪ್ರಶ್ನೆ ಹತ್ತು ಸಲ ಬರುತ್ತೆ. "ಬೋರ್ಡೋಗೆ ಸುಣ್ಣ ಎಷ್ಟು?" "ಇನ್ನೂರು ಲೀಟರ್ ಡ್ರಮ್ಮಿಗೆ ಮೈಲುತುತ್ತ ಎಷ್ಟು ಹಾಕ್ಬೇಕು?" ಒಬ್ಬರು ಉತ್ತರ ಹಾಕ್ತಾರೆ. ಅದರ ಮೇಲೆ ಮೂವತ್ತು ಶುಭೋದಯ, ಎರಡು ಮದುವೆ ಕರೆಯೋಲೆ, ಒಂದು ಹಾವಿನ ವಿಡಿಯೋ ಬರುತ್ತೆ. ಸಂಜೆಗೆ ಮತ್ತೊಬ್ಬರು ಅದೇ ಪ್ರಶ್ನೆ ಕೇಳ್ತಾರೆ. ತೋಟಗಾರಿಕೆ ಓದಿದವನು ಅನ್ನೋ ಕಾರಣಕ್ಕೆ ಫೋನ್ ನನಗೇ ಬರುತ್ತೆ, ಅದೂ ನಾನು ಕಾಳುಮೆಣಸಿನ ಬಳ್ಳಿ ಕಟ್ಟೋಕೆ ಏಣಿ ಹತ್ತಿದಾಗಲೇ.

ಹಾಗಾಗಿ ಎರಡು ವರ್ಷದ ಹಿಂದೆ ಒಂದು ಬಾಟ್ ಮಾಡೋಣ ಅಂತ ಕೂತೆ. ಬಾಟ್ ಅಂದ್ರೆ ಗುಂಪಿನಲ್ಲಿ ಒಬ್ಬ ಸದಸ್ಯನ ಹಾಗೆ ಇರೋ ಪ್ರೋಗ್ರಾಂ. ನಾವು ಒಂದು ಪದ ಬರೆದರೆ, ಆ ಪದಕ್ಕೆ ನಾವೇ ಮೊದಲು ಬರೆದಿಟ್ಟ ಲೆಕ್ಕ ಮಾಡಿ ಉತ್ತರ ಕೊಡುತ್ತೆ. ಈಗ ಎಲ್ಲರ ಬಾಯಲ್ಲಿರೋ ಚಾಟ್‌ಜಿಪಿಟಿ ಥರದ್ದಲ್ಲ ಇದು. ತಾನಾಗಿ ಯೋಚಿಸೋದಿಲ್ಲ, ತಾನಾಗಿ ಕಟ್ಟಿ ಹೇಳೋದೂ ಇಲ್ಲ. ಔಷಧಿ ಪ್ರಮಾಣದ ವಿಷಯದಲ್ಲಿ ನನಗೆ ಬೇಕಿದ್ದದ್ದು ಅದೇ. ತಪ್ಪಾದರೆ ಆ ತಪ್ಪು ನನ್ನದು, ಎಲ್ಲಿ ಆಯ್ತು ಅಂತ ಹುಡುಕಿ ತೋರಿಸಬಹುದು. ಆ ತಪ್ಪೂ ಆಯ್ತು ಅನ್ನಿ, ಅದನ್ನ ಮುಂದೆ ಹೇಳ್ತೀನಿ.

ನಾನು ಆರಿಸಿಕೊಂಡಿದ್ದು ಎರ್‌ಬಾಟ್ ಅನ್ನೋ ಮುಕ್ತ ತಂತ್ರಾಂಶ. ಪೈಥಾನ್ ಭಾಷೆಯಲ್ಲಿ ಬರೆದದ್ದು, ಪರವಾನಗಿ ಜಿಪಿಎಲ್ ಮೂರನೇ ಆವೃತ್ತಿ. ಅಂದ್ರೆ ಯಾರು ಬೇಕಾದರೂ ಬಳಸಬಹುದು, ಒಳಗೆ ಏನಿದೆ ನೋಡಬಹುದು, ಬದಲಾಯಿಸಬಹುದು. ಬದಲಾಯಿಸಿದ್ದನ್ನ ಇನ್ನೊಬ್ಬರಿಗೆ ಕೊಡೋದಾದರೆ ಅದರ ಮೂಲವನ್ನೂ ಅದೇ ಷರತ್ತಿನಲ್ಲಿ ಕೊಡಬೇಕು. ಮನೇಲಿ ಉಳಿಸಿದ ಬೀಜದ ಹಾಗೆ ಅಂತ ನಾನು ಗುಂಪಿನಲ್ಲಿ ಹೇಳಿದ್ದೆ. ಒಬ್ಬ ಹಿರಿಯರು "ಹಾಗಾದ್ರೆ ಮೊಳಕೆ ಬರುತ್ತೋ ಇಲ್ವೋ ಅದನ್ನ ಮೊದ್ಲು ನೋಡಪ್ಪಾ" ಅಂದರು.

ಮೊದಲ ದಿನ

ನನಗೆ ಪೈಥಾನ್ ಅಷ್ಟಾಗಿ ಗೊತ್ತಿರಲಿಲ್ಲ. ಅರಭಾವಿಯಲ್ಲಿ ಓದುವಾಗ ಅಂಕಿಅಂಶದ ಲೆಕ್ಕಕ್ಕೆ ಅಷ್ಟಿಷ್ಟು ಕಂಪ್ಯೂಟರ್ ಮುಟ್ಟಿದ್ದು, ಅಷ್ಟೆ. ಆದರೂ ಮೊದಲ ಸಂಜೆಗೇ ಬಾಟ್ ಮಾತಾಡಿತು. ಅದಕ್ಕೇ ನಿಮಗೂ ಆಗುತ್ತೆ ಅಂತ ಧೈರ್ಯವಾಗಿ ಹೇಳ್ತಿದ್ದೀನಿ.

ಒಂದು ಹಳೆ ಲ್ಯಾಪ್‌ಟಾಪ್ ಸಾಕು. ಲಿನಕ್ಸ್ ಹಾಕಿದ್ದರೆ ಕೆಲಸ ಸಲೀಸು. ರಾಸ್ಪ್‌ಬೆರಿ ಪೈ ಅನ್ನೋ ಅಂಗೈಯಗಲದ ಕಂಪ್ಯೂಟರ್ ಇದ್ದರೆ ಕರೆಂಟೂ ಕಡಿಮೆ ತಿನ್ನುತ್ತೆ. ಮೊದಲು ಪೈಥಾನಿನಲ್ಲಿ ಒಂದು ಪ್ರತ್ಯೇಕ ಆವರಣ ಮಾಡ್ಕೊಳ್ಳಿ, ಅದಕ್ಕೆ ವೆನ್ವ್ ಅಂತಾರೆ. ಸಸಿಮಡಿ ಬೇರೆ ಮಾಡಿದ ಹಾಗೆ, ಇಲ್ಲಿ ಏನೇ ಕೆಟ್ಟರೂ ಉಳಿದ ಕಂಪ್ಯೂಟರಿಗೆ ತಾಗೋದಿಲ್ಲ. ಅದರೊಳಗೆ ಪಿಪ್ ಮೂಲಕ ಎರ್‌ಬಾಟ್ ಹಾಕಿಕೊಳ್ಳಬೇಕು. ಟೆಲಿಗ್ರಾಂಗೆ ಬೇಕಾದ ಹೆಚ್ಚುವರಿ ಭಾಗವನ್ನೂ ಆಗಲೇ ಕೇಳಿ ಹಾಕಿಸಿಕೊಳ್ಳಬಹುದು. ನಂತರ ಒಂದು ಖಾಲಿ ಫೋಲ್ಡರ್ ಮಾಡಿ, ಅದರೊಳಗೆ ನಿಂತು ಎರ್‌ಬಾಟ್ ಅಂತ ಬರೆದು, ಪಕ್ಕದಲ್ಲಿ ಎರಡು ಅಡ್ಡಗೆರೆ ಹಾಕಿ 'ಇನಿಟ್' ಅಂತ ಕೊಟ್ಟರೆ ಶುರುವಿಗೆ ಬೇಕಾದದ್ದು ತಾನೇ ತಯಾರಾಗುತ್ತೆ: ಕಾನ್ಫಿಗ್ ಅನ್ನೋ ಒಂದು ಕಡತ, ಮಾಹಿತಿ ಇಡೋಕೆ ಒಂದು ಫೋಲ್ಡರ್, ಪ್ಲಗಿನ್‌ಗಳಿಗೆ ಒಂದು ಫೋಲ್ಡರ್. ಪ್ಲಗಿನ್ ಫೋಲ್ಡರಿನಲ್ಲಿ ಮಾದರಿಗೆ ಒಂದು ಪುಟ್ಟ ಪ್ಲಗಿನ್ನೂ ಇರುತ್ತೆ.

ಇನ್ನು ಬರೀ ಎರ್‌ಬಾಟ್ ಅಂತ ಕೊಟ್ಟು ಎಂಟರ್ ಒತ್ತಿ. ಟೆಲಿಗ್ರಾಂ, ಇಂಟರ್ನೆಟ್ ಯಾವುದೂ ಬೇಕಿಲ್ಲ, ಅದೇ ಕಪ್ಪು ಪರದೆಯಲ್ಲಿ ಬಾಟ್ ಜೊತೆ ಮಾತಾಡಬಹುದು. ಇದನ್ನ ಟೆಕ್ಸ್ಟ್ ಮೋಡ್ ಅಂತಾರೆ. ಆಶ್ಚರ್ಯಸೂಚಕ ಚಿಹ್ನೆ (!) ಹಾಕಿ 'ಹೆಲ್ಪ್' ಅಂದರೆ ಅದಕ್ಕೆ ಏನೇನು ಗೊತ್ತು ಅಂತ ಪಟ್ಟಿ ಕೊಡುತ್ತೆ. '!ಟ್ರೈಮಿ' ಅಂದರೆ ಮಾದರಿ ಪ್ಲಗಿನ್ ಕೆಲಸ ಮಾಡ್ತಿದೆ ಅಂತ ತಿಳಿಸುತ್ತೆ. (ಇವನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು, ಓದೋಕೆ ಸುಲಭ ಆಗಲಿ ಅಂತ ನಾನು ಕನ್ನಡದಲ್ಲಿ ಬರೀತಿದ್ದೀನಿ.) ಗಡಿಬಿಡಿ ಮಾಡಿ ನೇರ ಗುಂಪಿಗೆ ಜೋಡಿಸಬೇಡಿ. ಒಂದು ವಾರ ಇಲ್ಲೇ ಆಟ ಆಡಿ. ನಾನು ಆಡಲಿಲ್ಲ.

ಕಾನ್ಫಿಗ್ ಕಡತ

ಇದು ತೋಟದ ಗೇಟು. ಶುರುವಿಗೆ ಮುಟ್ಟಬೇಕಾದದ್ದು ಮೂರು ನಾಲ್ಕು ಸಾಲು. ಬಾಟ್ ಯಾವ ಚಾಟ್‌ಗೆ ಸೇರಬೇಕು ಅನ್ನೋದು ಬ್ಯಾಕೆಂಡ್. ಮೊದಲಿಗೆ ಟೆಕ್ಸ್ಟ್ ಅಂತಿರುತ್ತೆ, ಆಮೇಲೆ ಟೆಲಿಗ್ರಾಂ ಅಂತ ಬದಲಾಯಿಸೋದು. ವಾಟ್ಸಾಪ್ ಯಾಕಲ್ಲ ಅಂತ ಎಲ್ಲರೂ ಕೇಳ್ತಾರೆ. ವಾಟ್ಸಾಪ್‌ನಲ್ಲಿ ಬಾಟ್ ನಡೆಸೋಕೆ ವ್ಯಾಪಾರಿಗಳಿಗೆ ಅಂತ ಇರೋ ವ್ಯವಸ್ಥೆಗೆ ನೋಂದಾಯಿಸಬೇಕು, ಸಣ್ಣ ಗುಂಪಿಗೆ ಅದು ರಗಳೆ. ಟೆಲಿಗ್ರಾಂನಲ್ಲಿ ಬಾಟ್‌ಫಾದರ್ ಅನ್ನೋ ಅವರದ್ದೇ ಬಾಟ್‌ಗೆ ಸಂದೇಶ ಕಳಿಸಿ, ಹೊಸ ಬಾಟ್ ಬೇಕು ಅಂದರೆ ಹೆಸರು ಕೇಳಿ ಒಂದು ಟೋಕನ್ ಕೊಡುತ್ತೆ. ದುಡ್ಡಿಲ್ಲ, ಕಾಯೋದೂ ಇಲ್ಲ.

ಆ ಟೋಕನ್ ಮನೆ ಬೀಗದ ಕೈ ಇದ್ದ ಹಾಗೆ. ಅದು ಸಿಕ್ಕಿದವರು ನಿಮ್ಮ ಬಾಟ್ ಹೆಸರಲ್ಲಿ ಏನು ಬೇಕಾದರೂ ಕಳಿಸಬಹುದು. ಇದನ್ನ ಕಾನ್ಫಿಗ್ ಕಡತದಲ್ಲಿ ಬರೀತೀವಿ, ಆಮೇಲೆ ಉತ್ಸಾಹದಲ್ಲಿ ಇಡೀ ಫೋಲ್ಡರನ್ನ ಗಿಟ್‌ಹಬ್‌ಗೆ ಏರಿಸಿಬಿಡ್ತೀವಿ! ಹೊಸಬರು ಮಾಡೋ ಮಾಮೂಲಿ ತಪ್ಪು ಇದು. ಗಿಟ್‌ಇಗ್ನೋರ್ ಅನ್ನೋ ಕಡತದಲ್ಲಿ ಕಾನ್ಫಿಗ್ ಹೆಸರು ಮೊದಲೇ ಸೇರಿಸಿಡಿ. ಅಕಸ್ಮಾತ್ ಹೊರಗೆ ಹೋಯ್ತೋ, ಅಳಿಸಿದರೆ ಸಾಲದು, ಹಳೆ ಇತಿಹಾಸದಲ್ಲಿ ಅದು ಉಳಿದಿರುತ್ತೆ. ಬಾಟ್‌ಫಾದರ್ ಹತ್ತಿರ 'ರಿವೋಕ್' ಹೇಳಿ ಹೊಸ ಟೋಕನ್ ತಗೊಳ್ಳಿ, ಹಳೆಯದು ಅಲ್ಲಿಗೆ ಸತ್ತ ಹಾಗೆ.

ಇನ್ನೊಂದು, ಬಾಟ್ ಯಜಮಾನರು ಯಾರು ಅನ್ನೋ ಸಾಲು. ಅಲ್ಲಿ ಮೊದಲೇ 'ಚೇಂಜ್ ಮಿ' ಅಂತ ಬರೆದಿರುತ್ತೆ, ಹೀಗೇ ಬಿಟ್ಟು ಚಾಟ್‌ಗೆ ಜೋಡಿಸಬೇಡಿ ಅಂತ ಪಕ್ಕದಲ್ಲೇ ಎಚ್ಚರಿಕೆಯೂ ಇರುತ್ತೆ. ಟೆಲಿಗ್ರಾಂನಲ್ಲಾದರೆ ಇಲ್ಲಿ ನಿಮ್ಮ ಹೆಸರಲ್ಲ, ಅಂಕೆಯಲ್ಲಿರೋ ಗುರುತು ಸಂಖ್ಯೆ ಹಾಕಬೇಕು. ಬಾಟ್‌ಗೇ '!ಹೂಆಮ್‌ಐ' ಅಂತ ಕೇಳಿದರೆ ಸಂಖ್ಯೆ ಹೇಳುತ್ತೆ. ಈ ಸಂಖ್ಯೆ ಗೊತ್ತಿಲ್ಲದೆ ನಾನು ಅರ್ಧ ದಿನ ಒದ್ದಾಡಿದ್ದೆ.

ಗುಂಪಿಗೆ ಸೇರಿಸಿದ ಮೇಲೆ ಬಾಟ್ ಮೂಕ ಆದರೆ ಗಾಬರಿ ಆಗಬೇಡಿ. ಟೆಲಿಗ್ರಾಂ ಬಾಟ್‌ಗಳಿಗೆ ಗುಂಪಿನಲ್ಲಿ ಎಲ್ಲರ ಮಾತೂ ಕೇಳಿಸೋದಿಲ್ಲ, ಓರೆಗೆರೆಯಿಂದ ಶುರುವಾಗೋ ಆದೇಶಗಳು, ತನಗೆ ಕೊಟ್ಟ ಮಾರುತ್ತರ, ಇಂಥವಷ್ಟೇ ಕೇಳಿಸುತ್ತೆ. ಇದು ಒಳ್ಳೆಯದೇ. ನಮ್ಮ ಗುಂಪಿನ ಮಾತೆಲ್ಲ ಬಾಟ್‌ಗೆ ಯಾಕೆ ಬೇಕು? ಹಾಗಾಗಿ ಆಶ್ಚರ್ಯಸೂಚಕದ ಬದಲು ಓರೆಗೆರೆಯನ್ನೇ ಮುನ್ಗುರುತು ಮಾಡ್ಕೊಂಡರೆ ಸರಿಯಾಗುತ್ತೆ. ಟೆಲಿಗ್ರಾಂನ ಆದೇಶಪಟ್ಟಿಗೆ ಇಂಗ್ಲಿಷಿನ ಸಣ್ಣಕ್ಷರ, ಅಂಕೆ, ಅಡಿಗೆರೆ ಮಾತ್ರ ಆಗುತ್ತೆ, ಕನ್ನಡ ಆಗೋದಿಲ್ಲ. ಅದಕ್ಕೆ 'ಬೋರ್ಡೋ' ಅನ್ನೋ ಆದೇಶವನ್ನ ಇಂಗ್ಲಿಷ್ ಅಕ್ಷರದಲ್ಲಿ ಇಟ್ಟು, ಅದರ ಮುಂದೆ ಬರೆಯೋ ಮಾತು ಕನ್ನಡದಲ್ಲಿರಲಿ ಅಂತ ಮಾಡಿಕೊಂಡ್ವಿ.

ಕರೆಂಟು ಹೋದರೆ? ನಮ್ಮಲ್ಲಿ ಗಾಳಿ ಬೀಸಿದರೆ ಸಾಕು, ಲೈನು ಬೀಳುತ್ತೆ. ಬಾಟ್ ಮಲಗಿದ್ದಾಗ ಬಂದ ಸಂದೇಶವನ್ನ ಟೆಲಿಗ್ರಾಂ 24 ಗಂಟೆವರೆಗೆ ತನ್ನ ಹತ್ತಿರ ಇಟ್ಟುಕೊಂಡಿರುತ್ತೆ. ಬಾಟೇ ಹೋಗಿ ಕೇಳಿಕೊಂಡು ಬರೋ ಪದ್ಧತಿ ಆದ್ದರಿಂದ ಮನೆ ಇಂಟರ್ನೆಟ್ಟಿಗೆ ಬೇರೆ ವಿಳಾಸ ಗಿಳಾಸ ಏನೂ ಬೇಡ.

ಬೋರ್ಡೋ ಪ್ಲಗಿನ್, ನನ್ನ ತಪ್ಪು

ಎರ್‌ಬಾಟ್‌ನಲ್ಲಿ ಹೊಸ ಕೆಲಸ ಕಲಿಸೋದು ಪ್ಲಗಿನ್ ಮೂಲಕ. ಎರಡು ಕಡತ ಬೇಕು. ಒಂದು ಪ್ಲಗ್ ಕಡತ: ಪ್ಲಗಿನ್ ಹೆಸರೇನು, ಕೋಡ್ ಯಾವ ಕಡತದಲ್ಲಿದೆ, ಯಾವ ಪೈಥಾನ್ ಬೇಕು ಅನ್ನೋ ನಾಲ್ಕೈದು ಸಾಲು. ಇನ್ನೊಂದು ಪೈಥಾನ್ ಕಡತ. ಅದರಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಫಂಕ್ಷನ್ ಬರೆದು, ಅದರ ತಲೆ ಮೇಲೆ 'ಬಾಟ್‌ಸಿಎಂಡಿ' ಅನ್ನೋ ಗುರುತು ಹಚ್ಚಿದರೆ ಆ ಫಂಕ್ಷನ್ ಹೆಸರೇ ಆದೇಶ ಆಗುತ್ತೆ. ಫಂಕ್ಷನ್ ಏನು ಹಿಂದಿರುಗಿಸುತ್ತೋ ಅದೇ ಉತ್ತರ. ತಿದ್ದಿದ ಮೇಲೆ ಬಾಟ್ ನಿಲ್ಲಿಸಬೇಕಾಗಿಲ್ಲ, '!ಪ್ಲಗಿನ್ ರೀಲೋಡ್' ಅಂದರೆ ಹೊಸದನ್ನ ಓದಿಕೊಳ್ಳುತ್ತೆ.

ಲೆಕ್ಕ ಸುಲಭದ್ದು. ಅಡಿಕೆ ಕೊಳೆಗೆ ಹೊಡೆಯೋದು ಶೇಕಡಾ 1ರ ಬೋರ್ಡೋ ದ್ರಾವಣ: 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಅಂದ್ರೆ ಲೀಟರಿಗೆ 10 ಗ್ರಾಂ ಅದು, 10 ಗ್ರಾಂ ಇದು. ಬರೆದವನು ಎಷ್ಟು ಲೀಟರ್ ಅಂತ ಹೇಳಿದರೆ ಹತ್ತರಿಂದ ಗುಣಿಸಿ ಹೇಳೋದು. (ಸಾವಯವ ಪ್ರಮಾಣಪತ್ರ ಇರೋರು ನೆನಪಿಡಿ, ತಾಮ್ರದ ಬಳಕೆಗೆ ಮಿತಿ ಇದೆ, ನಿಮ್ಮ ಪ್ರಮಾಣೀಕರಣ ಸಂಸ್ಥೆಯನ್ನ ಕೇಳಿಯೇ ಹೊಡೆಯಿರಿ.)

ಜನ ಲೀಟರ್ ಅಂತ ಹೇಗೆ ಬೇಕಾದರೂ ಬರೀತಾರಲ್ಲ, ಲೀ, ಲೀಟರು, ಲೀಟರ್ ಅಂತ. ಅದಕ್ಕೆ ನಾನೊಂದು ಜಾಣತನ ಮಾಡಿದೆ. ಬಂದ ಸಂದೇಶದಲ್ಲಿ ಅಂಕೆ ಅಲ್ಲದ್ದನ್ನೆಲ್ಲ ಕಿತ್ತು ಹಾಕಿ, ಉಳಿದದ್ದನ್ನ ಲೀಟರ್ ಅಂತ ತಗೊಳ್ಳೋದು. "200 ಲೀಟರ್" ಅಂದರೆ 200. ಹತ್ತು ಸಲ ಪರೀಕ್ಷೆ ಮಾಡಿದೆ, ಹತ್ತೂ ಸರಿ. ಪರೀಕ್ಷೆ ಮಾಡಿದವನು ನಾನೇ, ಬರೆದವನೂ ನಾನೇ, ಸರಿ ಬರದೆ ಇನ್ನೇನು?

ಮೇ ಕೊನೆಯ ವಾರ ಪಕ್ಕದೂರಿನ ಒಬ್ಬ ಬೆಳೆಗಾರರು "15 ಲೀ 10 ಕ್ಯಾನ್" ಅಂತ ಬರೆದರು. ಹದಿನೈದು ಲೀಟರಿನ ಕ್ಯಾನು, ಹತ್ತು ಕ್ಯಾನು ಹೊಡೀಬೇಕು. ಮನುಷ್ಯರಿಗೆ ಅರ್ಥವಾಗುತ್ತೆ, 150 ಲೀಟರ್, ಒಂದೂವರೆ ಕೆಜಿ. ನನ್ನ ಬಾಟ್ ಅಕ್ಷರ ಕಿತ್ತುಹಾಕಿ 15 ಮತ್ತು 10ನ್ನ ಅಂಟಿಸಿ 1510 ಲೀಟರ್ ಮಾಡಿತು. "ಮೈಲುತುತ್ತ 15100 ಗ್ರಾಂ, ಸುಣ್ಣ 15100 ಗ್ರಾಂ" ಅಂತ ಉತ್ತರ. ಅವರು ಅದನ್ನ ಹಾಗೇ ಔಷಧಿ ಹೊಡೆಯೋ ಹುಡುಗನಿಗೆ ಫೋನಿನಲ್ಲಿ ತೋರಿಸಿ, ಮಿಶ್ರಣ ಮಾಡು ಅಂತ ಹೇಳಿ ಸೊಸೈಟಿಗೆ ಹೋದರು.

ಉಳಿಸಿದ್ದು ಏನು ಗೊತ್ತಾ? ಮನೆಯಲ್ಲಿ ಇದ್ದದ್ದು 5 ಕೆಜಿ ಮೈಲುತುತ್ತ ಮಾತ್ರ. ಹುಡುಗ "ಇನ್ನೂ ಹತ್ತು ಕೆಜಿ ಬೇಕಂತೆ, ಬರ್ತಾ ತನ್ನಿ" ಅಂತ ಫೋನ್ ಮಾಡಿದ. ಅವರಿಗೆ ಆಗ ಅನುಮಾನ ಬಂತು. ನನಗೆ ಫೋನ್ ಮಾಡಿದಾಗ ಬೈಯಲಿಲ್ಲ, "ತಮ್ಮಾ, ನಿಂದು ಬಾಟ್ ಅಂಗಡಿಯವ್ರ ಕಡೆಯವ್ನ ಏನು?" ಅಂತ ಕೇಳಿದರು. ಬೈದಿದ್ದರೇ ವಾಸಿ ಇತ್ತು. ಹತ್ತುಪಟ್ಟು ಗಟ್ಟಿ ದ್ರಾವಣ ಎಳೆಗೊನೆ ಮೇಲೆ ಬಿದ್ದಿದ್ದರೆ, ಅಷ್ಟೊಂದು ತಾಮ್ರ ಬುಡದ ಮಣ್ಣಿಗೆ ಇಳಿದಿದ್ದರೆ ನಾನು ಅವರ ಅಂಗಳಕ್ಕೆ ಕಾಲಿಡುವ ಹಾಗಿರಲಿಲ್ಲ. ಅವತ್ತೇ ಆ ಆದೇಶ ತೆಗೆದು ಹಾಕಿ, ಗುಂಪಿನಲ್ಲಿ ತಪ್ಪು ನನ್ನದು ಅಂತ ಬರೆದೆ.

ಸರಿಮಾಡಿದ್ದು ಹೀಗೆ. ಈಗ ಬಾಟ್ ಅಂಕೆಯನ್ನ ಒಂಟಿಯಾಗಿ ಓದೋದಿಲ್ಲ, ಅಂಕೆ ಮತ್ತು ಅದರ ಪಕ್ಕದ ಅಳತೆ ಎರಡನ್ನೂ ಜೋಡಿಯಾಗಿ ಓದುತ್ತೆ. ಗೊತ್ತಿಲ್ಲದ ಅಳತೆ ಬಂದರೆ ಲೆಕ್ಕ ಹೇಳೋದಿಲ್ಲ, "ಒಟ್ಟು ಎಷ್ಟು ಲೀಟರ್ ಅಂತ ಬರೆಯಿರಿ" ಅನ್ನುತ್ತೆ. ಸಾವಿರ ಲೀಟರ್ ದಾಟಿದರೆ ಖಚಿತಪಡಿಸಿ ಅಂತ ಕೇಳುತ್ತೆ. ಎಲ್ಲಕ್ಕಿಂತ ಮುಖ್ಯ ಅಂತ ನನಗನ್ನಿಸೋದು, ಉತ್ತರದ ಮೊದಲ ಸಾಲಿನಲ್ಲೇ ತಾನು ಏನು ಅರ್ಥ ಮಾಡ್ಕೊಂಡೆ ಅಂತ ಹೇಳುತ್ತೆ: "15 ಲೀಟರ್, 10 ಕ್ಯಾನ್, ಒಟ್ಟು 150 ಲೀಟರ್". ಆಮೇಲೆ ಗ್ರಾಂನಲ್ಲಲ್ಲ, ದೊಡ್ಡ ಪ್ರಮಾಣ ಆದರೆ ಕೆಜಿಯಲ್ಲಿ ಹೇಳುತ್ತೆ. 15100 ಗ್ರಾಂ ಅಂದಾಗ ಹೊಳೆಯದ್ದು 15 ಕೆಜಿ ಅಂದರೆ ಯಾರಿಗಾದರೂ ಹೊಳೆಯುತ್ತೆ. ಹಳೆ ಕೋಡಿನಲ್ಲಿ 7.5 ಲೀಟರ್ ಅಂತ ಬರೆದಿದ್ದರೆ ಚುಕ್ಕೆ ಕಿತ್ತು 75 ಮಾಡ್ತಿತ್ತು ಅನ್ನೋದು ಆಮೇಲೆ ಗೊತ್ತಾಯ್ತು. ಅದನ್ನ ಯಾರೂ ಕೇಳಿರಲಿಲ್ಲ, ನಮ್ಮ ಪುಣ್ಯ.

ಮಿಶ್ರಣದ ಕ್ರಮವನ್ನೂ ಉತ್ತರದ ಕೆಳಗೆ ಸೇರಿಸಿದ್ದೀವಿ. ಲೋಹದ ಪಾತ್ರೆ ಬೇಡ, ಪ್ಲಾಸ್ಟಿಕ್ ಡ್ರಮ್ ಇರಲಿ. ಅರ್ಧ ನೀರಿನಲ್ಲಿ ಮೈಲುತುತ್ತ, ಇನ್ನರ್ಧದಲ್ಲಿ ಸುಣ್ಣ ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನ ಸುಣ್ಣದ ನೀರಿಗೆ ಕಲಕುತ್ತಾ ಸುರಿಯೋದು. ಉಜ್ಜಿದ ಕಬ್ಬಿಣದ ಕತ್ತಿ ಅದ್ದಿ ತೆಗೆದಾಗ ಕೆಂಪು ಹಿಡಿದರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಿ. ಮಾಡಿದ ದಿನವೇ ಹೊಡೆದು ಮುಗಿಸಿ.

ಕನ್ನಡ ಅಕ್ಷರದ ಒಳಸುಳಿ

ಕನ್ನಡದಲ್ಲಿ ಬಾಟ್ ಮಾಡೋರಿಗೆ ಇದನ್ನ ಯಾರೂ ಹೇಳಿಕೊಡಲ್ಲ. 'ಲೀಟರ್' ಅನ್ನೋದರ 'ಲೀ' ಕಂಪ್ಯೂಟರಿನೊಳಗೆ ಎರಡು ರೀತಿ ಇರಬಹುದು. ಒಂದು, ದೀರ್ಘ ಈ ಗುಡಿಸು ಒಂದೇ ಸಂಕೇತವಾಗಿ. ಇನ್ನೊಂದು, ಹ್ರಸ್ವ ಗುಡಿಸು ಹಾಕಿ ಪಕ್ಕದಲ್ಲಿ ದೀರ್ಘದ ಚಿಹ್ನೆ ಬೇರೆ ಸಂಕೇತವಾಗಿ. ಪರದೆ ಮೇಲೆ ಎರಡೂ ಒಂದೇ ಥರ ಕಾಣುತ್ತೆ, ಬಾಟ್‌ಗೆ ಮಾತ್ರ ಎರಡು ಬೇರೆ ಪದ. ಹಳೆ ಫಾಂಟಿನಿಂದ ಯುನಿಕೋಡ್‌ಗೆ ಪರಿವರ್ತಿಸಿದ ಪಠ್ಯ ಅಂಟಿಸಿದಾಗ ಹೀಗಾಗಬಹುದು. ಪೈಥಾನಿನಲ್ಲಿ ಯುನಿಕೋಡ್‌ಡೇಟಾ ಅನ್ನೋ ಭಾಗ ಇದೆ, ಬಂದ ಪಠ್ಯವನ್ನೆಲ್ಲ ಅದರಲ್ಲಿ ಎನ್‌ಎಫ್‌ಸಿ ರೂಪಕ್ಕೆ ತಂದು ಆಮೇಲೆ ಹೋಲಿಸಿ. 'ಕ್ಯಾನ್' ಥರದ ಅರ್ಧಾಕ್ಷರದ ಕೊನೆಗೆ ಕಾಣದ ಒಂದು ಚಿಹ್ನೆ ಸೇರಿರಬಹುದು, ಅದನ್ನೂ ತೆಗೆದು ಹಾಕಿ.

ಇನ್ನೊಂದು ಗುಂಡಿ: ಪದ ಹುಡುಕೋಕೆ ಪೈಥಾನಿನ ಮಾಮೂಲಿ ಮಾದರಿಯಲ್ಲಿ 'ಡಬ್ಲ್ಯೂ' ಗುರುತು ಬಳಸ್ತಾರೆ. ಅದು ಇಂಗ್ಲಿಷಿಗೆ ಸರಿ, ಕನ್ನಡದ ಗುಣಿತ ಚಿಹ್ನೆಯನ್ನ ಅಕ್ಷರ ಅಂತ ಒಪ್ಪೋದಿಲ್ಲ. 'ಕೊಳೆರೋಗ' ತುಂಡು ತುಂಡಾಗುತ್ತೆ. ಖಾಲಿ ಜಾಗ ನೋಡಿ ಪದ ಬಿಡಿಸೋದೇ ಕ್ಷೇಮ. ಖುಷಿಯ ಸಂಗತಿ ಅಂದ್ರೆ ೧೫ ಅಂತ ಕನ್ನಡ ಅಂಕೆಯಲ್ಲಿ ಬರೆದರೂ ಪೈಥಾನ್ ಅದನ್ನ 15 ಅಂತಲೇ ಓದುತ್ತೆ, ನಾವೇನೂ ಮಾಡಬೇಕಾಗಿಲ್ಲ.

ಕೊಡುಗೆ ಅಂದ್ರೆ ಕೋಡ್ ಮಾತ್ರ ಅಲ್ಲ

ಆ ಘಟನೆ ಆದ ಮೇಲೆ ಪ್ಲಗಿನ್‌ನ್ನ ನನ್ನ ಲ್ಯಾಪ್‌ಟಾಪಿನಿಂದ ಗಿಟ್‌ಹಬ್‌ಗೆ ತಂದು ಎಲ್ಲರಿಗೂ ಬಿಟ್ಟೆ. ನಾನೊಬ್ಬನೇ ಬರೆದು ನಾನೊಬ್ಬನೇ ನೋಡಿದ್ದೇ ಮೂಲ ತಪ್ಪು ಅಂತ ಅನ್ನಿಸಿತ್ತು. ಅಲ್ಲಿ 'ಇಶ್ಯೂ' ಅಂತ ದೂರು ಬರೆಯೋ ಜಾಗ ಇದೆ. ಒಳ್ಳೆ ದೂರು ಅಂದ್ರೆ ಮೂರು ಮಾತು: ಏನು ಟೈಪ್ ಮಾಡಿದೆ, ಏನು ಬರಬೇಕಿತ್ತು, ಏನು ಬಂತು. "ಬಾಟ್ ಸರಿ ಇಲ್ಲ" ಅಂದರೆ, ಗಿಡದ ಫೋಟೋ ಇಲ್ಲದೆ "ಎಲೆ ಹಳದಿ ಆಗಿದೆ, ಏನು ಹೊಡೀಲಿ" ಅಂದ ಹಾಗೆ.

ಅವತ್ತು ಫೋನ್ ಮಾಡಿದ ಬೆಳೆಗಾರರ ಸಂದೇಶವೇ ನಮ್ಮ ಮೊದಲ ಇಶ್ಯೂ. ಗುಂಪಿನ ಒಬ್ಬರ ಮಗ ಇಂಜಿನಿಯರಿಂಗ್ ಓದ್ತಾನೆ, ರಜೆಗೆ ಬಂದಾಗ ಅದನ್ನೇ ಪರೀಕ್ಷೆಯಾಗಿ ಬರೆದುಕೊಟ್ಟ. ಎರ್‌ಬಾಟ್‌ನಲ್ಲಿ ಇದಕ್ಕೆ 'ಟೆಸ್ಟ್‌ಬಾಟ್' ಅನ್ನೋ ಅನುಕೂಲ ಇದೆ. ಚಾಟ್ ಏನೂ ಇಲ್ಲದೆ ಪೈಟೆಸ್ಟ್ ಮೂಲಕ ಬಾಟ್‌ಗೆ ಸಂದೇಶ ಕಳಿಸಿ, ಉತ್ತರದಲ್ಲಿ ಇಂಥ ಪದ ಇದೆಯಾ ಅಂತ ನೋಡುತ್ತೆ. "15 ಲೀ 10 ಕ್ಯಾನ್" ಕೊಟ್ಟರೆ "1.5 ಕೆಜಿ" ಬರಲೇಬೇಕು. ಈಗ ಯಾರೇ ಏನೇ ತಿದ್ದಲಿ, ಈ ಪರೀಕ್ಷೆ ಪಾಸಾಗದೆ ಗುಂಪಿನ ಬಾಟ್‌ಗೆ ಹೋಗೋದಿಲ್ಲ. ಆ ಹುಡುಗ ಕಳಿಸಿದ ರೀತಿಯೇ ಎಲ್ಲ ಕಡೆ ನಡೆಯೋ ರೀತಿ: ನಮ್ಮ ಪ್ರತಿಯನ್ನ 'ಫೋರ್ಕ್' ಮಾಡಿ ತನ್ನ ಖಾತೆಗೆ ತಗೊಂಡ, ಬೇರೆ ಶಾಖೆಯಲ್ಲಿ ತಿದ್ದಿದ, ನೋಡಿ ಸೇರಿಸಿಕೊಳ್ಳಿ ಅಂತ 'ಪುಲ್ ರಿಕ್ವೆಸ್ಟ್' ಕಳಿಸಿದ. ನಾನು ಎರಡು ಕಡೆ ಬದಲಾಯಿಸು ಅಂದೆ, ಅವನು ನನ್ನದೇ ಇನ್ನೊಂದು ತಪ್ಪು ತೋರಿಸಿದ. (ಆ 7.5ರ ಸಂಗತಿ ಹೊರಬಿದ್ದದ್ದು ಆಗಲೇ.)

ಕೋಡ್ ಬರದವರದ್ದೇ ಹೆಚ್ಚು ಕೆಲಸ. ಘಟ್ಟದ ಕೆಳಗೆ ಮಹಾಳಿ ಅಂತಾರೆ, ನಮ್ಮ ಕಡೆ ಕೊಳೆ ಅಂತಾರೆ. ಮೈಲುತುತ್ತ, ಮೈಲುತುತ್ತು, ಬರೀ ತುತ್ತ, ಹೀಗೆ ಮೂರು ಹೆಸರು. ಈ ಪಟ್ಟಿ ಬರೆದುಕೊಟ್ಟವರು ಎಪ್ಪತ್ತು ದಾಟಿದ ಒಬ್ಬ ಅಜ್ಜ, ಶಾಲೆ ಪಟ್ಟಿಯ ಹಾಳೆಯಲ್ಲಿ ಬರೆದು ಫೋಟೋ ಕಳಿಸಿದರು. ನಾನು ಟೈಪ್ ಮಾಡಿ ಸೇರಿಸಿದೆ. ಕೊಡುಗೆದಾರರ ಪಟ್ಟಿಯಲ್ಲಿ ಅವರ ಹೆಸರು ಮೊದಲಿದೆ.

ಮೂಲ ಎರ್‌ಬಾಟ್ ಯೋಜನೆಗೂ ಹೀಗೇ ಕೈಜೋಡಿಸಬಹುದು. ಹೇಗೆ ಅಂತ ಅವರ ದಾಖಲೆಯಲ್ಲೇ ಒಂದು ಭಾಗ ಇದೆ, ಮೊದಲು ಅದನ್ನ ಓದಿ. ಹೊಸಬರು ವಿವರಣೆಯಲ್ಲಿ ಅರ್ಥವಾಗದ ಒಂದು ಸಾಲಿನಿಂದ ಶುರು ಮಾಡೋದು ಒಳ್ಳೇದು. ಎಲ್ಲಿ ಅರ್ಥವಾಗಲ್ಲ ಅನ್ನೋದು ಪಳಗಿದವರಿಗಿಂತ ಹೊಸಬರಿಗೇ ಚೆನ್ನಾಗಿ ಗೊತ್ತಿರುತ್ತೆ. ದೊಡ್ಡ ಬದಲಾವಣೆ ಮಾಡಬೇಕು ಅಂತಿದ್ದರೆ ಮೊದಲು ಇಶ್ಯೂ ತೆರೆದು ಕೇಳಿ, ಎರಡು ವಾರ ಕೂತು ಬರೆದ ಮೇಲೆ "ನಮಗೆ ಬೇಡ" ಅನ್ನಿಸಿಕೊಳ್ಳೋದು ಯಾರಿಗೆ ಬೇಕು. ಅವರೂ ನಮ್ಮ ಹಾಗೆ ಬೇರೆ ಕೆಲಸದ ನಡುವೆ ಮಾಡೋರು, ಉತ್ತರ ತಡವಾದರೆ ಬೇಜಾರು ಮಾಡ್ಕೊಳ್ಳಬೇಡಿ.

ನಮ್ಮ ಪ್ಲಗಿನ್‌ನಲ್ಲಿ ಈಗ ಬಾಕಿ ಇರೋ ಇಶ್ಯೂ ಎರಡು. ಒಂದು ಜೀವಾಮೃತದ್ದು: 200 ಲೀಟರಿಗೆ 10 ಕೆಜಿ ಸಗಣಿ, 2 ಕೆಜಿ ಬೆಲ್ಲ, 2 ಕೆಜಿ ದ್ವಿದಳ ಧಾನ್ಯದ ಹಿಟ್ಟು ಅಂತ ಲೆಕ್ಕ ಸೇರಿಸಿಯಾಗಿದೆ, ಗೋಮೂತ್ರ ಮಾತ್ರ 5 ಲೀಟರೋ 10 ಲೀಟರೋ ಅಂತ ಗುಂಪಿನಲ್ಲಿ ಜಗಳ ಮುಗಿದಿಲ್ಲ. ಇನ್ನೊಂದು ಅಳತೆಗಳದ್ದು. "ನಾಲ್ಕು ಕೊಡ ನೀರಿಗೆ ಎಷ್ಟು" ಅಂತ ಒಬ್ಬರು ಕೇಳಿದಾಗ ಬಾಟ್ ನಾವು ಕಲಿಸಿದ ಹಾಗೆ ಸುಮ್ಮನಾಗಿ ಲೀಟರ್ ಕೇಳಿತು. ಕೊಡ ಒಂದೊಂದು ಮನೆಯಲ್ಲಿ ಒಂದೊಂದು ಗಾತ್ರ, ಹಾಗಾಗಿ ಅದನ್ನ ಲೆಕ್ಕಕ್ಕೆ ಸೇರಿಸಬಾರದು ಅನ್ನೋದು ನನ್ನ ವಾದ. ಆದರೆ ಡ್ರಮ್, ಬ್ಯಾರಲ್, ಪಂಪು ಅಂತ ನಿಮ್ಮ ಕಡೆ ಔಷಧಿ ಹೊಡೆಯೋಕೆ ಬಳಸೋ ಅಳತೆಗೆ ಏನಂತಾರೆ, ಎಷ್ಟು ಲೀಟರ್ ಹಿಡಿಯುತ್ತೆ, ಊರು ಯಾವುದು, ಇಷ್ಟು ಬರೆದು ಕಳಿಸಿದರೆ ಮಳೆ ಹಿಡಿಯೋ ಮುಂಚೆ ಸೇರಿಸ್ತೀವಿ.